ಬಂಪರ್ ಮೂಲೆಯ ಕೆಂಪು

ಹದಿನೇಳು, ಭಾನುವಾರ.



ಬೆಳಿಗ್ಗೆ ನಮ್ಮ ಕೆಂಪು ಕಾರಿನಲ್ಲಿ ಬಣ್ಣ ಎದ್ದ ಜಾಗಗಳಿಗೆ ಟಚಪ್ ಮಾಡೋಕೆ ಕೂತಿದ್ದೆ. ಬಾನೆಟ್ ಮೇಲಿನವು ಕಲ್ಲು ಸಿಡಿದು ಆದವು, ಗೊತ್ತು. ಒರೆಸಿ, ಸಣ್ಣ ಬ್ರಷ್‌ನಲ್ಲಿ ಒಂದೊಂದಕ್ಕೂ ಚುಕ್ಕಿ ಇಟ್ಟೆ. ಬಂಪರ್ ಮೂಲೆಗೆ ಬಂದಾಗ ಕೈ ನಿಂತಿತು. ಅಲ್ಲಿ ಯಾರೋ ಆಗಲೇ ಕೆಂಪು ಬಳಿದಿದ್ದಾರೆ. ಕೆರೆದರೆ ಸಿಪ್ಪೆ ಹಾಗೆ ಎದ್ದು ಬಂತು. ನೇಲ್ ಪಾಲಿಶ್!

ಮನೆಯಲ್ಲಿ ಅದನ್ನ ಹಚ್ಚೋಳು ನನ್ನ ಹೆಂಡತಿ ಒಬ್ಬಳೇ. ಎರಡು ಸಲ ತಲೆ ಸುತ್ತಿ ಬಿದ್ದಮೇಲೆ ಡಾಕ್ಟರು ಇವಳಿಗೆ ಸ್ಟೀರಿಂಗ್ ಮುಟ್ಟಲೇಬೇಡಿ ಅಂದಿದ್ದಾರೆ. ನಾನು ಡ್ಯೂಟಿಗೆ ಹೋದಾಗ ಕಾರು ಮನೆಯಲ್ಲೇ ಇರುತ್ತೆ. ಎಲ್ಲಿಗೆ ಹೋಗಿದ್ದಳು? ಯಾವುದಕ್ಕೆ ಗುದ್ದಿದಳು? ಗೋಡೆಗೇ ಆಗಿರಲಿ ದೇವರೇ.

ಕೇಳಿದರೆ ದೊಡ್ಡ ರಾದ್ಧಾಂತ. "ನನ್ನನ್ನ ಮನೇಲಿ ಕಟ್ಟಿಹಾಕಿದ್ದೀರಿ" ಅಂತ ಅಳ್ತಾಳೆ. ಹಾಗಾಗಿ ತೆಪ್ಪಗಿದ್ದೆ. ಊಟಕ್ಕೆ ಕೂತಾಗ ಅವಳೇ ಕೇಳಿದಳು:

"ಎಲ್ಲಾ ಮುಚ್ಚಿಹೋಯ್ತೇನ್ರೀ?"

"ಹೂಂ."

"ಮೂಲೇದೂ?"

ಮೂಲೆಯ ಮಾತು ನಾನು ಎತ್ತಿರಲೇ ಇಲ್ಲ. ತಲೆ ಎತ್ತಿ ನೋಡಿದೆ. ಅವಳ ಉಗುರುಗಳಲ್ಲಿ ಬಣ್ಣದ ಸುಳಿವೇ ಇಲ್ಲ, ಉಜ್ಜಿ ತೆಗೆದಿದ್ದಾಳೆ.

ಈಗ ಪಕ್ಕದಲ್ಲಿ ಮಲಗಿದ್ದಾಳೆ. ನಿದ್ದೆ ಬಂದಿದೆಯೋ ಇಲ್ಲವೋ. ಕಾರಿನ ಕೀ ನನ್ನ ದಿಂಬಿನ ಕೆಳಗಿದೆ. ನಾಳೆ ಬೆಳಿಗ್ಗೆ ಡ್ಯೂಟಿಗೂ ಅದನ್ನ ತಗೊಂಡೇ ಹೋಗ್ತೀನಿ.

ಅಯ್ಯೋ, ಇನ್ನೊಂದು ಕೀ ಇವಳ ಬೀರುವಿನಲ್ಲೇ ಇದೆಯಲ್ಲ!