ಚಪ್ಪರದಡಿಯ ಒಂಬತ್ತು ಮೊಟ್ಟೆ

ಹಗರಿ ಮರಳುಗಾಡು
ಕ್ರಿ.ಶ. ೨೪೮೬, ಎರಡನೇ ಬೇಸಿಗೆಯ ಹದಿನೇಳನೇ ದಿನ

ನಾಲ್ಕೂವರೆ ಶತಮಾನ ಹಿಂದಿನ ಹಿರಿಯರಿಗೆ ಗಾದಿಲಿಂಗನ ಶರಣು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಹಗರಿ ಹೊಳೆ ಮರಳಾದ ಮೇಲೆ ನಮ್ಮ ಮಾತೂ ಒಣಗಿದೆ. ವರ್ಷಕ್ಕೆ ಎರಡು ಬೇಸಿಗೆ ಏಕೆಂದು ಮಾತ್ರ ನನ್ನನ್ನು ಕೇಳಬೇಡಿ, ಅದನ್ನು ನೀವೇ ಬಲ್ಲಿರಿ.

ನಮ್ಮಲ್ಲಿ ಬೆರಳುದ್ದದ ಒಂದು ಹಲ್ಲಿಯಿದೆ, ಮರಳಿನದೇ ಬಣ್ಣ. ನೆಲ ಕಾದಾಗ ಒಮ್ಮೆಗೆ ಎರಡೆರಡು ಕಾಲು ಎತ್ತಿ ನಿಲ್ಲುವುದರಿಂದ ಅದಕ್ಕೆ ‘ಕಾಲೆತ್ತಿ’ ಎಂದು ಹೆಸರು. ಇರುವೆ ತಿನ್ನುತ್ತದೆ. ಬೆಳಗಿನ ಮಂಜನ್ನು ಬೆನ್ನ ಮೇಲೆ ಹಿಡಿದು ಬಾಯಿಗಿಳಿಸಿಕೊಳ್ಳುತ್ತದೆ. ಅದು ತಲೆಯೂರಿ ಮರಳೊಳಗೆ ಮುಳುಗಿತೆಂದರೆ ಸುಡುಗಾಳಿ ಬಂತೆಂದೇ ಅರ್ಥ; ಬಯಲಲ್ಲಿರುವವರೆಲ್ಲ ಮನೆಗೆ ಓಡಬೇಕು. ಯಂತ್ರಗಳಿಗೆ ಅದು ಆಮೇಲೆ ಗೊತ್ತಾಗುತ್ತದೆ. ಕಾಲೆತ್ತಿಗಳು ವಿರಳವಾದ ವರ್ಷವೇ ನನ್ನ ಅಪ್ಪ ಬಯಲಲ್ಲಿ ಸತ್ತ.

ಅವುಗಳ ಕಾವಲು ನನ್ನ ಕೆಲಸ. ಮೂರು ವರ್ಷ ಒಂದೂ ಮರಿ ಹೊರಬರಲಿಲ್ಲ, ತಪ್ಪು ನನ್ನದೇ. ನಮ್ಮಲ್ಲಿ ನೆರಳಿಗಿಂತ ದೊಡ್ಡ ಮರ್ಯಾದೆಯಿಲ್ಲ. ಬಂದ ನೆಂಟರಿಗೆ ನೀರಿಗೂ ಮೊದಲು ನೆರಳು ಕೊಡುತ್ತೇವೆ. ‘ನೆರಳು ಸಿಗಲಿ’ ಎಂಬುದೇ ನಮ್ಮ ಆಶೀರ್ವಾದ. ಹಾಗೆಂದು ನಾನು ಮೊಟ್ಟೆಯಿದ್ದ ಕಡೆಯೆಲ್ಲ ಚಪ್ಪರ ಹಾಕಿ ಮೀಸೆ ತಿರುವಿದೆ. ಮೊಟ್ಟೆಗಳು ತಣ್ಣಗೆ ಕೆಟ್ಟವು.

ಈ ವರ್ಷ ಉಳಿದದ್ದು ಒಂದೇ ಜೋಡಿ, ಒಂಬತ್ತೇ ಮೊಟ್ಟೆ. ಅವಕ್ಕೂ ಚಪ್ಪರ ಬಿಗಿಯುತ್ತಿದ್ದಾಗ ಊರ ಸೂಲಗಿತ್ತಿ ಹುಲಿಗೆಮ್ಮಜ್ಜಿ ಕೋಲೂರಿಕೊಂಡು ಬಂದು ಗದರಿದಳು: “ಏ ಗಾದಿ, ಚಪ್ರ ಕೀಳಲೇ ಮೊದ್ಲು! ಅದರ ತಾಯಿ ಕಾವಿಗೆ ಕುಂದ್ರಾಕಿಲ್ಲ. ಅದಕ್ಕ ಬಿಸ್ಲೇ ತಾಯಿ ಐತಿ!”

ಕಿತ್ತೆ. ತಲೆಯ ಮೇಲಿನ ನೆರಳು ಕಿತ್ತ ಪಾಪಿಯೆಂದು ಊರೇ ನನ್ನನ್ನು ನೋಡಿತು. ನಲವತ್ತೆಂಟು ದಿನ ನಾನು ಯಾರ ಜಗುಲಿಯನ್ನೂ ಹತ್ತಲಿಲ್ಲ.

ಇಂದು ಬೆಳಿಗ್ಗೆ ಒಂಬತ್ತೂ ಹೊರಬಂದವು! ಕಡ್ಡಿಯಷ್ಟು ತೆಳ್ಳಗಿನ ಮರಿಗಳು, ಹುಟ್ಟಿದ ಗಳಿಗೆಯಲ್ಲೇ ಕಾಲೆತ್ತಿ ನಿಂತವು. ಊರು ಕೇಕೆ ಹಾಕಿತು. ನಾನು ಅತ್ತೆನೋ ಕುಣಿದೆನೋ ನನಗೇ ತಿಳಿಯದು. ಹುಲಿಗೆಮ್ಮಜ್ಜಿಯಂತೂ ತಾನು ಮಾಡಿಸಿದ ಹೆರಿಗೆಗಳಿಗೆ ಈ ಒಂಬತ್ತನ್ನೂ ಸೇರಿಸಿಕೊಂಡು ಮೆರೆಯುತ್ತಿದ್ದಾಳೆ.

ಇವುಗಳ ಮುತ್ತಜ್ಜಿ ಈಗ ನಿಮ್ಮ ಹಗರಿ ದಂಡೆಯಲ್ಲೇ ಎಲ್ಲೋ ಇರಬೇಕು. ಕಂಡರೆ ಮನೆಗೆ ಒಯ್ಯಬೇಡಿ, ಗೂಡು ಕಟ್ಟಬೇಡಿ, ನನ್ನ ಹಾಗೆ ಉಪಕಾರವನ್ನಂತೂ ಮಾಡಲೇಬೇಡಿ. ಅದರ ಮರಳನ್ನು ಲಾರಿಗೆ ತುಂಬದಿದ್ದರೆ ಸಾಕು.

ನಿಮಗೆ ನೆರಳು ಸಿಗಲಿ. ಅದಕ್ಕೆ ಬಿಸಿಲು ಸಿಗಲಿ.