ಇಸಬಗೋಲಿಗೆ ಬೇಕಾದ ನೀರು

ಜಮಖಂಡಿ, ೧೨ ನವೆಂಬರ್ ೨೦೨೫, ಬುಧವಾರ

ಅವ್ವನ ಹೊಟ್ಟೆ ಇವತ್ತೂ ಬಿಗಿದುಕೊಂಡಿದೆ. ಮಲಬದ್ಧತೆಗೆಂದು ಇಸಬಗೋಲ್ ಶುರುಮಾಡಿದ ಮೇಲೆ ನೋವು ಹೆಚ್ಚೇ ಆಗಿದೆ. ಬೆಳಿಗ್ಗೆ ಅವಳು ಲಿಂಗಪೂಜೆ ಮುಗಿಸುವಾಗ ಬಾಗಿಲಲ್ಲಿ ನಿಂತಿದ್ದೆ, ಕಾರಣ ತಿಳಿಯಿತು. ಪುಡಿಯನ್ನು ಅಂಗೈಗೆ ಹಾಕಿಕೊಂಡು ಪಾದೋದಕದ ಒಂದೇ ಗುಟುಕಿನಲ್ಲಿ ನುಂಗಿಬಿಟ್ಟಳು. ಆ ನಾರು ನೀರು ಹೀರಿ ಉಬ್ಬಿದರೆ ಮಾತ್ರ ಹೊಟ್ಟೆ ಸಡಿಲಾಗುತ್ತದೆ. ನೀರಿಲ್ಲದಿದ್ದರೆ ಒಳಗೇ ಗಟ್ಟಿಯಾಗುತ್ತದೆ. ಡಾಕ್ಟರು ಇದನ್ನು ಅವಳೆದುರೇ ಹೇಳಿದ್ದರು.

ತುಂಬಿದ ತಂಬಿಗೆ ಮುಂದಿಟ್ಟೆ.

“ಇಷ್ಟ ಕುಡಿಯಾಕ ನಾ ಏನ ಎಮ್ಮಿ ಏನಬೇ?” ಎಂದು ನಕ್ಕಳು. ನಾನು ನಗಲಿಲ್ಲ. ಆಗ ದನಿ ತಗ್ಗಿಸಿದಳು: “ನೀರ ಕುಡದ್ರ ರಾತ್ರಿ ಏಳಬೇಕಾಗತೈತಿ. ಕತ್ತಲ್ಯಾಗ ಒಬ್ಬಾಕಿಗೆ ಹಿತ್ತಲಕ ಹೋಗಾಕ ಆಗಂಗಿಲ್ಲ. ನೀ ಓದಕೋತ ಕುಂತಿರತಿ, ಹ್ಯಾಂಗ ಕರೀಲಿ?”

ನನ್ನ ಕೋಣೆಯ ದೀಪ ಉರಿಯುವಷ್ಟು ಹೊತ್ತೂ ಅವಳು ತಡೆದುಕೊಂಡೇ ಮಲಗಿರುತ್ತಿದ್ದಳು.

ಈಗ ರಾತ್ರಿ, ನನ್ನ ಕುರ್ಚಿ ಅವಳ ಮಂಚದ ಪಕ್ಕದಲ್ಲಿದೆ. ತಂಬಿಗೆ ಬರಿದಾಗಿದೆ. ಓದುತ್ತಿದ್ದ ಅನುವಾದಿತ ಕಾದಂಬರಿಯಲ್ಲಿ ಕೊನೆಯ ಅಧ್ಯಾಯ ಉಳಿದಿದೆ, ಉಳಿದಿರಲಿ. ಇದನ್ನು ಬರೆಯುತ್ತಿರುವಾಗಲೇ “ದಾನವ್ವಾ” ಎಂದು ನನ್ನನ್ನು ಕರೆದಳು. ರಾತ್ರಿ ಹೀಗೆ ಕರೆದದ್ದು ಇದೇ ಮೊದಲು. ಏಳುತ್ತೇನೆ.