ಖಾಲಿ ಜಾಗ

ಗುಬ್ಬಿ
೨೬-೯-೧೯೮೨

ಚಿ. ಸೌ. ಗಂಗಾಂಬಿಕೆಗೆ ಅಪ್ಪನ ಆಶೀರ್ವಾದಗಳು.

ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಅವಳ ಮಂಡಿನೋವು, ನನ್ನ ಸಿಡುಕು ಎರಡೂ ಹಾಗೇ ಇವೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. "ಮಗಳಿಗೆ ನಾಕು ಸಾಲು ಬರಿಯೋಕೂ ಮುಹೂರ್ತ ನೋಡ್ತಿದೀರಾ?" ಅಂತ ಅಮ್ಮ ದಿನಾ ಚುಚ್ಚುತ್ತಾಳೆ. ಬೇಸರ ಮಾಡಿಕೊಳ್ಳಬೇಡ, ನೀನೇನು ಸುಲಭದ ಪ್ರಶ್ನೆ ಕೇಳಿಲ್ಲ.

ರೇಡಿಯೋದಲ್ಲಿ ಬೈರೂತಿನ ಸುದ್ದಿ ಕೇಳಿ ನಿನ್ನ ಕುಣಿಗಲ್ ಶಾಲೆಯ ಜೈನಬ್ "ಮಿಸ್, ಆ ಪ್ಯಾಲೆಸ್ಟೈನ್ ನೆಲ ನಿಜವಾಗ್ಲೂ ಯಾರ್ದು?" ಅಂದಳಂತೆ. ಚರಿತ್ರೆ ಮೇಡಂ ಆದ ನೀನು ತಬ್ಬಿಬ್ಬಾಗಿ, ಮೂವತ್ತು ವರ್ಷ ಸರ್ವೆ ಕೆಲಸ ಮಾಡಿ ರಿಟೈರಾದ ಅಪ್ಪನನ್ನು ಕೇಳುತ್ತೀಯ! ಲೈಬ್ರರಿಯಲ್ಲಿ ಕೂತು ಓದಿ, ತಿಳಿದಷ್ಟು ಬರೆಯುತ್ತಿದ್ದೇನೆ.

ಯೂರೋಪಿನಲ್ಲಿ ಯಹೂದಿಗಳನ್ನು ನೂರಾರು ವರ್ಷ ಬಡಿದು ಓಡಿಸಿದರು. ಅವರು ತಮ್ಮ ಪೂರ್ವಿಕರ ನಾಡಿನಲ್ಲಿ ನೆಲೆ ಬೇಕೆಂದು ಹೊರಟರು. ಅಲ್ಲಿ ಅರಬರು ತಲೆಮಾರುಗಳಿಂದ ಉತ್ತು ಬಿತ್ತು ಬದುಕಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸಿದರು, ಯಹೂದಿಗಳಿಗೂ ಅಲ್ಲೇ ನೆಲೆ ಅಂತ ಕಾಗದ ಕೊಟ್ಟರು. ನಲವತ್ತೇಳರಲ್ಲಿ ವಿಶ್ವಸಂಸ್ಥೆ ನಕಾಶೆಯ ಮೇಲೆ ಗೆರೆ ಎಳೆಯಿತು. ಯಹೂದಿ ನಾಯಕರು ಒಪ್ಪಿದರು, ಅರಬರು ಒಪ್ಪಲಿಲ್ಲ. ಯುದ್ಧವಾಗಿ ಲಕ್ಷಾಂತರ ಅರಬರು ಮನೆ ಕಳೆದುಕೊಂಡರು. ಆಮೇಲೆ ಅರಬ್ ದೇಶಗಳಿಂದ ಯಹೂದಿಗಳೂ ಮನೆಮಠ ಬಿಟ್ಟು ಬಂದರು. ಓದುತ್ತಾ ನನಗೆ ನೆನಪಾದದ್ದು ನಮ್ಮೂರ ಸಂತೆ ಮೈದಾನದಾಚೆಯ ಸೈಟು.

ಕರಿಬಸಮ್ಮ ಅಲ್ಲಿ ಗುಡಿಸಲು ಹಾಕಿ ಇಪ್ಪತ್ತು ವರ್ಷವಾಗಿತ್ತು, ಕೈಯಲ್ಲಿ ಕಾಗದವಿರಲಿಲ್ಲ. ಎಪ್ಪತ್ನಾಲ್ಕರಲ್ಲಿ ಯಾವನೋ ಸರ್ವೆಯವನು ಸ್ಥಳಕ್ಕೇ ಹೋಗದೆ, ಕುರ್ಚಿ ಬಿಟ್ಟೇಳದೆ, ನಕಾಶೆಯ ಮೇಲೆ ‘ಖಾಲಿ ಜಾಗ’ ಅಂತ ಬರೆದ. ಅದನ್ನು ನಂಬಿ ಸರ್ಕಾರದವರು ಮನೆಯಿಲ್ಲದ ರಹಿಮಾ ಬೀಗೆ ಆ ಜಾಗದ ಹಕ್ಕುಪತ್ರ ಕೊಟ್ಟರು. ಅವಳು ಬಂದು ಗುಡಿಸಲ ಮುಂದೆ ಒಂದು ರೂಮು ಕಟ್ಟಿಕೊಂಡಳು. ಎಂಟು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಬರುವ ಗುರುವಾರ ತಾಲ್ಲೂಕು ಕಚೇರಿಯಲ್ಲಿ ಕೊನೆಯ ವಿಚಾರಣೆ. ಗುಡಿಸಲು ಮೊದಲೇ ಇತ್ತೆಂದು ಸಾಬೀತಾದರೆ ಇಬ್ಬರಿಗೂ ಅರ್ಧರ್ಧ ಕೊಡಬಹುದಂತೆ. ಆಗದಿದ್ದರೆ ಕರಿಬಸಮ್ಮ ಎದ್ದು ಹೋಗಬೇಕು.

ಮೊನ್ನೆ ಇಬ್ಬರನ್ನೂ ಮಾತಾಡಿಸಿದೆ. "ನಾನೂ ಎರಡ್ ಕಡೆ ಮನೆ ಬಿಡಿಸ್ಕೊಂಡು ಬಂದೋಳು ಸಾಮಿ. ಮೂರು ಮಕ್ಳನ್ನ ಕಟ್ಕೊಂಡು ಇನ್ನೆಲ್ಲಿಗೋಗ್ಲಿ?" ಅಂತ ರಹಿಮಾ ಬೀ ಅತ್ತಳು. ಕರಿಬಸಮ್ಮ ರೇಗಿದಳು: "ಅವ್ಳನ್ನ ಓಡಿಸ್ರಿ ಅಂತ ನಾನೇಳಿದ್ನಾ? ನಾನಿಲ್ಲಿದ್ದೆ ಅಂತ ಒಬ್ರಾದ್ರೂ ಹೇಳ್ಲಿ. ಇದ್ದೋಳ್ನ ಇಲ್ದೋಳು ಮಾಡ್ಬುಟ್ರಲ್ಲ!"

ಆ ದೂರದ ನೆಲಕ್ಕೆ ತೀರ್ಪು ಕೊಡಲು ನಾನ್ಯಾರು? ಆದರೆ ಜೈನಬ್‌ಗೆ ಇಷ್ಟು ಹೇಳು. ಇಬ್ಬರೂ ಅಲ್ಲಿದ್ದಾರೆ, ಇಬ್ಬರಿಗೂ ಹೋಗಲು ಬೇರೆ ಜಾಗವಿಲ್ಲ. ಇವರ ನೋವನ್ನು ಅವರು, ಅವರದನ್ನು ಇವರು ಹೌದೆಂದು ಒಪ್ಪಿದರೆ ಮಾತು ಶುರುವಾದೀತು. ಅವಳು ದೊಡ್ಡವಳಾಗುವಷ್ಟರಲ್ಲಿ ಆಗಲಿ ಅಂತ ನನ್ನ ಆಸೆ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಅಮ್ಮ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದಾಳೆ, ದಸರಾ ರಜಕ್ಕೆ ಬನ್ನಿ. ನಿಮ್ಮ ಮನೆ ಸದಾ ನಗುನಗುತ್ತಾ ಇರಲಿ.

ನಿನ್ನ ಅಪ್ಪ,
ಗುರುಸಿದ್ದಯ್ಯ

ತಾ.ಕ.: ನಿನ್ನೆ ರಾತ್ರಿ ಈ ಇನ್‌ಲ್ಯಾಂಡ್ ಕಾಗದ ಮಡಚಿ ಅಂಟಿಸಲು ಹೋದವನು, ಅಂಟಿಸಲಾಗದೆ ಮತ್ತೆ ಬಿಚ್ಚಿದೆ. ಆ ಯಾವನೋ ಸರ್ವೆಯವನು ನಾನೇ ಕಣಮ್ಮ. ಅವತ್ತು ಸಂಜೆ ನಿನ್ನನ್ನು ನೋಡಲು ಕುಣಿಗಲ್‌ನವರು ಬರುವವರಿದ್ದರು. ಬೇಗ ಮನೆಗೆ ಬರುವ ಆತುರದಲ್ಲಿ ಬರೆದು, ಸೈನು ಹಾಕಿ ಎದ್ದುಬಿಟ್ಟೆ. ನಿನಗೊಂದು ಮನೆ ಸಿಕ್ಕ ದಿನವೇ ಇನ್ನೊಬ್ಬಳ ಮನೆ ಅಳಿಸಿದೆ. ಎಂಟು ವರ್ಷ ಹೆದರಿಕೊಂಡು ಬಾಯಿ ಬಿಡಲಿಲ್ಲ, ಥೂ! ಗುರುವಾರ ಎಲ್ಲರೆದುರು ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಹೋಗಿ ಮೊದಲು ಕರಿಬಸಮ್ಮನಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಗುಡಿಸಲ ಬಾಗಿಲಿಗೆ ಬಂದಳು. ಆಮೇಲೆ ಮುಂದಿನ ರೂಮಿನ ಕಡೆ ತಿರುಗಿ, ಎಂಟು ವರ್ಷದಲ್ಲಿ ಮೊದಲ ಸಲ ಕೂಗಿದಳು: "ಏ ರಹಿಮಾ, ಬಾರೇ ಇಲ್ಲಿ. ಸಾಮಿ ಏನೋ ಹೇಳ್ತಾವ್ರೆ, ನೀನೂ ಕೇಳು."